ಕವಡೆ ಆಟಕ್ಕೆ ಎರಡೇ ಅಂಕ

ರಾಮದುರ್ಗ,
೧೬ ಜೂನ್ ೨೦೨೪, ರವಿವಾರ

ತಮ್ಮ ಸುಮೇಧನಿಗೆ,

ಅಕ್ಕನ ಆಶೀರ್ವಾದ. ನೀನು ಕಳಿಸಿದ ಹೋಲಿಕೆ ಪಟ್ಟಿ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮೆ ಇರಲಿ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೈಲಹೊಂಗಲದ ನಮ್ಮ ಮೇಲಿನ ಖೋಲಿಯಲ್ಲಿ ಎಂಟು ವರ್ಷ ನಾನು ನಡೆಸಿದ ಕಥೆಯಾಟಕ್ಕೆ ಈಗ ಹೊಸ ನಿಯಮ ಬೇಕಂತೆ. ಒಬ್ಬರು ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ರಾಕ್ಷಸರನ್ನೋ ಮಾಯಾವಿಗಳನ್ನೋ ಎದುರಿಸುವುದು. ಇಷ್ಟಕ್ಕೆ ನೀನು ಮೂರು ಪದ್ಧತಿ ಹೋಲಿಸಿ ಅಂಕ ಕೊಟ್ಟಿದ್ದೀಯ. ಪರದೇಶದ ದಪ್ಪ ನಿಯಮ ಪುಸ್ತಕಕ್ಕೆ ಹತ್ತಕ್ಕೆ ಒಂಬತ್ತು. ನಿಯಮವೆಲ್ಲ ಒಂದೇ ಹಾಳೆಯಲ್ಲಿ ಮುಗಿಯುವ ಆಟಕ್ಕೆ ಆರು. ನಾನು ಕಟ್ಟಿದ ಕವಡೆ ಆಟಕ್ಕೆ ಎರಡು. ಆ ಎರಡನ್ನಾದರೂ ಯಾಕೆ ಕೊಟ್ಟೆ, ಅಕ್ಕ ಅಂತಲೇ?

‘ಕವಡಿ ಅಂದ್ರ ಮುದುಕ್ಯಾರ ಆಟ ಅದ’ ಎಂದು ಷರಾ ಬೇರೆ. ನಮ್ಮಜ್ಜಿ ಯಮುನಾಬಾಯಿ ನಿನಗೆ ಎಣಿಸಲು ಕಲಿಸಿದ್ದು ಅದೇ ಕವಡೆಯಲ್ಲಿ. ನಾಚಿಕೆ ಇರಲಿ.

ಆ ಪುಸ್ತಕ ನಾನೂ ತರಿಸಿ ಓದಿದೆ. ಒಂದು ಪಾತ್ರ ತಯಾರಾಗುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಕಳ್ಳನೊಬ್ಬ ಗೋಡೆ ಹತ್ತಬೇಕಾದರೆ ಮೂರು ಕೋಷ್ಟಕ ನೋಡಬೇಕು. ಅಷ್ಟರಲ್ಲಿ ಕಾವಲುಗಾರ ನಿದ್ದೆ ಮುಗಿಸಿ ಎದ್ದಿರುತ್ತಾನೆ. ಇನ್ನು ಪಾತ್ರ ಗೆದ್ದಿತೋ ಸೋತಿತೋ ಹೇಳಲು ನೀನು ಹೊಗಳಿದ ಇಪ್ಪತ್ತು ಮುಖದ ದಾಳ. ಅದರಲ್ಲಿ ಒಂದು ಬೀಳುವುದೂ ಇಪ್ಪತ್ತು ಬೀಳುವುದೂ ಅಷ್ಟೇ ಸಲೀಸು, ಹತ್ತು ವರ್ಷ ಕತ್ತಿ ಹಿಡಿದವನೂ ಬೇಕಾಬಿಟ್ಟಿ ಎಡವುತ್ತಾನೆ. ನನ್ನ ಆರು ಕವಡೆ ಹಾಗಲ್ಲ. ಮೂರು ಅಂಗಾತ ಬೀಳುವುದು ಹೆಚ್ಚು. ಆರೂ ಬೀಳುವುದು ಅಪರೂಪ, ಬಿದ್ದಾಗ ಖೋಲಿಯೆಲ್ಲ ಕೂಗುತ್ತದೆ. ನಿನಗೆ ಅದು ಬೀಳಲೇ ಇಲ್ಲ ಬಿಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನಿನ್ನ ಗೆಳೆಯ ವಿಜಯನಿಗೆ ಫೋನ್ ಮಾಡಿ ಕೇಳಿದೆ. ‘ಅಕ್ಕಾರ, ನನಗ ಯಾವ ಆಟಾದ್ರೂ ನಡೀತೈತ್ರಿ, ಚಹಾದ ಜೋಡಿ ಚುರಮುರಿ ಇದ್ರ ಸಾಕು’ ಅಂದ. ಇಂಥವರ ಒಪ್ಪಿಗೆ ಪಡೆದು ನೀನು ತೀರ್ಮಾನ ಮಾಡಿದ್ದೀಯ!

ನಿಮ್ಮ ಭಾವ ಆರಾಮ ಇದ್ದಾರೆ. ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ. ಉಳಿದಿದ್ದರೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಪದ್ಮಜಾ

ತಾ.ಕ.: ಪಟ್ಟಿಯ ಮೊದಲ ಸಾಲಿನ ಬಗ್ಗೆ ಬೇಕಂತಲೇ ಏನೂ ಬರೆಯಲಿಲ್ಲ. ‘ಕಥೆ ನಡೆಸುವವರು ಸೇರಿ ಒಟ್ಟು ನಾಲ್ಕು ಮಂದಿ.’ ಮಧು, ವಿಜಯ, ಉಮಾಶ್ರೀ, ನೀನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಸವದತ್ತಿಯಲ್ಲಿ ಬಸ್ಸು ಬದಲಿಸಿ, ಈ ಪಟ್ಟಿ ಬರುವ ತನಕ ಒಂದು ರವಿವಾರವನ್ನೂ ತಪ್ಪಿಸದ ಐದನೆಯವಳು ನಾನು. ಉಮಾಶ್ರೀಯನ್ನು ಕೇಳಿದೆ. ಪಾಪ, ಅವಳಿಗೆ ಸುಳ್ಳು ಬರುವುದಿಲ್ಲ. ‘ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ಬಂದ್ರ ನಾವು ಆಡೂದಿಲ್ರಿ, ನೀವು ಹೇಳಿದಂಗ ಕೇಳ್ತೇವಿ ಅಷ್ಟ’ ಅಂದಳು. ಮೂರು ವಾರ ನನಗೆ ಅನ್ನ ಸೇರಿಲ್ಲ ಸುಮೇಧ. ಯಾವ ಪದ್ಧತಿಯಾದರೂ ಇಟ್ಟುಕೋ, ಕಥೆ ನೀನೇ ನಡೆಸು. ಒಂದು ಸಣ್ಣ ಪಾತ್ರ ಕೊಟ್ಟರೆ ಮೂಲೆಯಲ್ಲಿ ಕೂತು, ನನ್ನ ಸರದಿ ಬಂದಾಗಷ್ಟೇ ಮಾತಾಡುತ್ತೇನೆ. ಬರಲೇನೋ?