‘ವೋ’ ಅಂದರೆ ಎಲ್ಲಿ

ಗಜೇಂದ್ರಗಡ
೮ ಫೆಬ್ರುವರಿ ೨೦೦೯

ನಾಜಮೀನಳ ಅಬ್ಬಾರಿಗೆ ನಾಹೀದಳ ಸಲಾಂ.

ನಿಮ್ಮ ಕೆಮ್ಮು ಹೇಗಿದೆ? ಬೇಕರಿಯ ಪಾಳಿ ಮುಗಿಸಿ ಆ ಹಿಮದಲ್ಲಿ ಸೈಕಲ್ ಹೊಡೆಯಬೇಡ ಎಂದು ನಿಮ್ಮ ಅಮ್ಮಿ ದಿನವೂ ಗೋಡೆಗೆ ಹೇಳುತ್ತಾರೆ, ನೀವೇ ಎದುರಿಗೆ ಕುಳಿತಂತೆ. ಮಗಳು ಅಂಗನವಾಡಿಗೆ ಹೋಗತೊಡಗಿದ್ದಾಳೆ. ನಾನು ಚೆನ್ನಾಗಿದ್ದೇನೆ. ದಣಿದಿದ್ದೇನೆ, ಅಷ್ಟೆ.

ಪರೀಕ್ಷೆ ಪಾಸಾಯಿತೆಂದು ಫೋನಿನಲ್ಲಿ ಹೇಳಿದಾಗ ನೀವು ಖುಷಿಯಿಂದ ಕೂಗಿದಿರಿ, ಅಷ್ಟರಲ್ಲಿ ಮಾತು ಕಡಿದುಹೋಯಿತು. ಹೇಗೆ ಪಾಸಾದೆ ಎಂಬುದನ್ನು ಈಗ ಬರೆಯುತ್ತೇನೆ. ಹೆಂಡತಿಗೆ ಜರ್ಮನ್ ಬಂದರೆ ಮಾತ್ರ ವೀಸಾ ಎಂದು ನೀವು ತಿಳಿಸಿದಂದಿನಿಂದ ಪ್ರತಿ ರವಿವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಕ್ಲಾಸಿಗೆ ಹೋಗಿ ಬಂದೆ, ಎಷ್ಟೋ ಸಲ ನಿಂತೇ. ಉಳಿದ ದಿನ ಅಮ್ಮಿಯೇ ನನ್ನ ಪರೀಕ್ಷಕಿ. ನಾನು ರೊಟ್ಟಿ ಬಡಿಯುವಾಗ ಅವರು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ಬಾಯಿಪಾಠ ಮಾಡಿದ ಪ್ರಶ್ನೆ ಕೇಳುತ್ತಿದ್ದರು. ಅವರಿಗೆ ಮೆಚ್ಚಾದದ್ದು ಒಂದೇ: “ವೋ ಟ್ರಿಫ್ಟ್ ಜಿಶ್ ಈರೆ ಫಮೀಲಿಯೆ ನೊರ್ಮಾಲರ್ವೈಜೆ?” ನಿಮ್ಮ ಕುಟುಂಬದವರು ಸಾಮಾನ್ಯವಾಗಿ ಎಲ್ಲಿ ಸೇರುತ್ತಾರೆ ಎಂದು ಅರ್ಥ. ಮೊದಲ ದಿನವೇ ಅವರು ತಡೆದರು: “ವೋ ಅಂದ್ರ ನಮ್ಮ ಮಾತಿನ್ಯಾಗ ‘ಅವ’ ಅಲ್ಲೇನ? ನನ್ನ ಮಗ ಅಲ್ತಾಫನ್ನ ಕೇಳಾಕ ಹತ್ತೈತಿ ಇದು.” ಜರ್ಮನ್ ಭಾಷೆಯಲ್ಲಿ ‘ವೋ’ ಅಂದರೆ ‘ಎಲ್ಲಿ’ ಎಂದು ನಾನು ತಿಳಿಸಿ ಹೇಳಿದೆ. “ಅವ, ಎಲ್ಲಿ. ಎರಡೂ ಒಂದ ಆತ ಬಿಡವಾ” ಎಂದು ಮತ್ತೆ ಕಂಡಿಕೆ ತಿರುಗಿಸಿದರು. ಉತ್ತರವೂ ಬಾಯಿಪಾಠವೇ: “ಬೈ ಉನ್ಸ್ ತ್ಸು ಹೌಜೆ”, ನಮ್ಮ ಮನೆಯಲ್ಲಿ. ಜಕ್ಕಲಿಯಿಂದ ಶೇಂಗಾ ತಂದ ನಿಮ್ಮ ಸೋದರಮಾವ ಖಾಜಾಸಾಬರು ಹೊಸ್ತಿಲಲ್ಲೇ ನಿಂತು, “ಅತ್ತಿ ಸೊಸಿ ಕೂಡಿ ಯಾರಿಗೆ ಬೈ ಅನ್ನಾಕ ಹತ್ತೀರಿ?” ಎಂದು ಕೇಳಿದಾಗ ಅಮ್ಮಿ ನಕ್ಕದ್ದನ್ನು ನೀವು ನೋಡಬೇಕಿತ್ತು. ನಿಮ್ಮ ಅಬ್ಬಾ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕಿರಲಿಲ್ಲ.

ಪರೀಕ್ಷೆಗೆ ಬೆಂಗಳೂರಿಗೆ ಕರೆದೊಯ್ದವರೂ ಖಾಜಾಸಾಬ ಮಾವನೇ. ಬಸ್ಸಿನಲ್ಲಿ ನಿದ್ದೆಯಿಲ್ಲ, ತಲೆ ಕಲ್ಲಾಗಿತ್ತು. ನನ್ನ ಜೋಡಿಗೆ ಕಾಸರಗೋಡಿನ ಕಡೆಯ ಒಬ್ಬ ಹೆಂಗಸು. ಅವಳ ಗಂಡನೂ ನೀವಿರುವ ದೇಶದಲ್ಲೇ. ಚೀಟಿ ಎತ್ತಿ, ಅದರಲ್ಲಿದ್ದ ವಿಷಯದ ಮೇಲೆ ಒಬ್ಬರಿಗೊಬ್ಬರು ಪ್ರಶ್ನೆ ಕೇಳಬೇಕು. ಅವಳಿಗೆ ಕುಟುಂಬದ ಚೀಟಿ ಬಂತು. “ವೋ...” ಎಂದು ಅದೇ ಪ್ರಶ್ನೆ ಕೇಳಿದಳು. ನನಗೆ ಕೇಳಿಸಿದ್ದು ಅಮ್ಮಿಯ ದನಿ. ಅವ ಎಲ್ಲಿ? “ಎರ್ ಇಸ್ಟ್ ನಿಶ್ಟ್ ಹೀರ್” ಎಂದುಬಿಟ್ಟೆ. ಅವರು ಇಲ್ಲಿಲ್ಲ. ಪರೀಕ್ಷೆ ನಡೆಸುತ್ತಿದ್ದ ಮೇಷ್ಟರಮ್ಮ ಪೆನ್ನು ಕೆಳಗಿಟ್ಟು, ಪ್ರಶ್ನೆಯನ್ನು ತಾವೇ ನಿಧಾನವಾಗಿ ಮತ್ತೆ ಕೇಳಿದರು. ಉತ್ತರ ನಾಲಿಗೆಯ ಮೇಲಿತ್ತು. ಆದರೆ ಯಾವ ಮನೆ? ಮಗಳಿಗೆ ಹೆಸರಿಟ್ಟಾಗ ನೀವಿರಲಿಲ್ಲ. ನಿಮ್ಮ ಅಬ್ಬಾರ ಮಣ್ಣಿಗೆ ನೀವಿರಲಿಲ್ಲ. ಎದುರಿನವಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಅವಳಿಗೂ ಗೊತ್ತಿತ್ತು. ಕೊನೆಗೆ “ಬೈ ಉನ್ಸ್ ತ್ಸು ಹೌಜೆ” ಎಂದೆ. ಮೇಷ್ಟರಮ್ಮ “ಗೂಟ್”, ಚೆನ್ನಾಯಿತು, ಅಂದರು. ಖರೇ ಹೇಳಿದ್ದಕ್ಕೆ ಸಿಗದ ಅಂಕ ಸುಳ್ಳಿಗೆ ಸಿಕ್ಕಿತು.

ಫಲಿತಾಂಶ ತಿಳಿದ ದಿನ ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿದರು. “ಇನ್ನ ಲಗೂ ಹೋಗವಾ, ಗಂಡನ ಮಗ್ಗಲ ಇರು” ಎಂದರು. ಆಮೇಲೆ ಮತ್ತೆ ಕಂಡಿಕೆಗೆ ಕುಳಿತರು.

ಮಾವ ಸಲಾಂ ಹೇಳಿದ್ದಾರೆ. ಮಗಳು ಹಾಳೆಯ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಒದ್ದೆಯಾಗಿದೆ. ಅಲ್ಲಾಹ್ ನಿಮ್ಮನ್ನು ಬೆಚ್ಚಗಿಡಲಿ.

ನಿಮ್ಮ
ನಾಹೀದ

ತಾ.ಕ.: ಅಮ್ಮಿ ನಮಾಜಿಗೆ ಕುಳಿತಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಹೇಳಬೇಡ ಎಂದು ಆಣೆ ಹಾಕಿಸಿದ್ದಾರೆ. ಹೋದ ವಾರ ಕಂಡಿಕೆ ಸುತ್ತುತ್ತಲೇ ಒಂದು ಕಡೆ ವಾಲಿ ಬಿದ್ದರು. ಬಲಗೈಯಲ್ಲಿ ಹಿಡಿತವಿಲ್ಲ, ತುತ್ತು ನಾನೇ ಉಣ್ಣಿಸುತ್ತೇನೆ. ಒಬ್ಬರನ್ನೇ ಬಿಡಬೇಡಿ ಎಂದು ದವಾಖಾನೆಯಲ್ಲಿ ಹೇಳಿದರು. ನೀನು ಹೋಗು, ನಾನು ಜಕ್ಕಲಿಗೆ ತಮ್ಮನ ಮನೆಗೆ ಹೋಗಿರುತ್ತೇನೆ ಎಂದು ಅಮ್ಮಿ ಹಟ ಹಿಡಿದಿದ್ದಾರೆ. ನನಗೂ ಬರುವ ಆಸೆ ಇದೆ, ಬಹಳ ಇದೆ. ಆದರೆ ಈಗ ನನ್ನ ಟಿಕೆಟ್ ತೆಗೆಸಬೇಡಿ. ನೀವೇ ಬನ್ನಿ. ಇಲ್ಲಿಗೆ ಬರಲು ನಿಮಗೆ ಯಾರೂ ಪರೀಕ್ಷೆ ಇಟ್ಟಿಲ್ಲ.