ಹೊಲಿದು ಕಳಿಸಿದ ಕಾಗದ

ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ನಾವಿಬ್ಬರೂ ಕ್ಷೇಮ. ನೀವೂ ಹಾಗೇ ಇದ್ದೀರೆಂದುಕೊಳ್ಳುತ್ತೇನೆ.

ವಿಚ್ಛೇದನದ ಕಾಗದಕ್ಕೆ ನೀವು ಸಹಿ ಹಾಕಿ ಕಳಿಸಿದ್ದು ವಕೀಲರಿಗೆ ತಲುಪಿತು. ಅಲ್ಲಾ ರೀ, ಅದಕ್ಕೂ ಹೊಲಿಗೆ ಹಾಕಿ ರಟ್ಟು ಕಟ್ಟುವುದೇ? ಬಿಡಿ ಹಾಳೆ ಕಂಡರೆ ಪುಸ್ತಕ ಕಟ್ಟುವ ಬೈಂಡರ್ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೆ ನಿಮ್ಮ ಅರ್ಧ ಸಹಿ ಹೊಲಿಗೆಯೊಳಗೆ ಸಿಕ್ಕಿಕೊಂಡಿದೆ. ವಕೀಲರ ಗುಮಾಸ್ತರು, “ಏನಮ್ಮಾ, ನಿಮ್ಮ ಯಜಮಾನ್ರು ಇದನ್ನ ನೂರು ವರ್ಷ ಇಟ್ಕೊಳ್ಳಿ ಅಂತ ಮಾಡಿದಾರಾ? ಬಿಚ್ಚಿ ತನ್ನಿ” ಎಂದು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಅಳು ಬಂತು.

ಇವತ್ತು ಬಿಚ್ಚಲು ಕೂತೆ. ನಿಮ್ಮ ಅಂಗಡಿಯಲ್ಲಿ ಒಂಬತ್ತು ವರ್ಷ ಹಾಳೆ ಮಡಚಿದವಳು ನಾನು. ನಿಮ್ಮ ಗಂಟು ಎಲ್ಲಿರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮೇಣ ಹಚ್ಚಿದ ದಾರ, ದಪ್ಪ ನಿಘಂಟುಗಳಿಗೆ ಹಾಕುವ ಹೊಲಿಗೆ. ಇಷ್ಟು ಗಟ್ಟಿಯಾಗಿ ಯಾಕೆ ಹಾಕಿದಿರಿ?

ಮಗಳು ಪಕ್ಕದಲ್ಲೇ ಕೂತು ವಿರುದ್ಧ ಪದಗಳ ಪಾಠ ಒಪ್ಪಿಸುತ್ತಿದ್ದಳು. ಹೊಲಿ, ಬಿಚ್ಚು. ಅಂಟಿಸು, ಕೀಳು. ಸೇರಿಸು, ಬೇರ್ಪಡಿಸು. ಅವಳ ಬಾಯಲ್ಲಿ ಎಷ್ಟು ಸಲೀಸು! ನನಗೆ ಒಂದೊಂದು ಹೊಲಿಗೆಗೂ ಹತ್ತು ನಿಮಿಷ. ಆಮೇಲೆ ನನ್ನ ಕೈ ನೋಡಿ, “ಅಮ್ಮಾ, ಅಪ್ಪ ಹೊಲ್ದಿದ್ದನ್ನ ನೀನ್ಯಾಕೆ ಬಿಚ್ತಿದೀಯ?” ಎಂದಳು. “ಸಹಿ ಕಾಣ್ತಿಲ್ಲ ಪುಟ್ಟಿ” ಎಂದೆ. ದಾರ ತನಗೆ ಬೇಕೆಂದಳು. ಕೊಟ್ಟೆ.

ನಮ್ಮ ಚಿಕ್ಕವನು ಜ್ವರದಲ್ಲಿ ತೀರಿಹೋದ ದಿನದಿಂದ ನಾನು ಒಂದೇ ಮಾತು ಆಡುತ್ತ ಬಂದೆ: ಅಂಗಡಿಗೆ ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ ಎಂದು. ನೀವು ಒಮ್ಮೆಯೂ ಎದುರಾಡಲಿಲ್ಲ. ಹಾಳೆ ಕತ್ತರಿಸುವ ಯಂತ್ರದ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ತಲೆ ತಗ್ಗಿಸಿದಿರಿ. ಈ ಸಹಿಯನ್ನೂ ತಲೆ ತಗ್ಗಿಸಿಕೊಂಡೇ ಹಾಕಿದ್ದೀರಿ.

ಹಾಳೆಗಳೆಲ್ಲ ಬೇರೆಬೇರೆಯಾಗಿವೆ. ಲಕೋಟೆಯಲ್ಲಿಟ್ಟಿದ್ದೇನೆ. ನಾಳೆ ವಕೀಲರಿಗೆ ಕೊಡಬೇಕು. ನೀವು ಊಟ ತಪ್ಪಿಸಬೇಡಿ.

ಇಂತಿ,
ನಿಮ್ಮ ಮಗಳ ಅಮ್ಮ

ವಿ.ಸೂ.: ನಾಳೆ ಕೊಡುವುದಿಲ್ಲ. ಇದನ್ನು ಓದಿದ ಮೇಲೂ ಕೊಡು ಎಂದು ನೀವು ಹೇಳಿದರೆ ಮಾತ್ರ ಕೊಡುತ್ತೇನೆ. ಆ ದಿನ ನಾನು ಫೋನ್ ಮಾಡಲೇ ಇಲ್ಲ. ಸಂಜೆಗೆ ಜ್ವರ ಇಳಿಯುತ್ತದೆ, ನಿಮ್ಮ ಕೆಲಸ ಕೆಡಿಸುವುದೇಕೆ ಎಂದುಕೊಂಡು ಮಗುವನ್ನು ತಬ್ಬಿಕೊಂಡು ನಿದ್ದೆ ಹೋಗಿಬಿಟ್ಟೆ. ಫೋನು ರಿಂಗಾಗಲೇ ಇಲ್ಲ ರೀ, ನೀವು ಎತ್ತುವುದೆಲ್ಲಿಂದ?