ಮರೆಯುವವರಿಗೆ ಹಲ್ಲು ಕೊಡದ ನಿಯಮದ ಬಗ್ಗೆ

ಕೃತಕ ಹಲ್ಲು ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ಅಜ್ಜಿ ನನ್ನನ್ನು ಹನುಮೇಶ ಎಂದು ಕರೆಯುತ್ತಾಳೆ. ಹನುಮೇಶ ಅವಳ ತಮ್ಮ, ತೀರಿಕೊಂಡು ಬಹಳ ವರ್ಷವಾಯಿತು. ನಾನು ವೀರೇಶ, ಮೊಮ್ಮಗ. ಕರೆದಾಗಲೆಲ್ಲ ಓಗೊಡುತ್ತೇನೆ. ಮನೆಯವರು ಅದನ್ನು ಮುದ್ದಿನ ಹೆಸರು ಅಂದುಕೊಂಡಿದ್ದರು; ಅಲ್ಲವೆಂದು ನಾನು ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ಈ ಮರೆವಿನ ಕಾರಣಕ್ಕೇ ನೀವು ಬಾಯಲ್ಲಿ ಒಂದು ಹಲ್ಲೂ ಇಲ್ಲದ ನನ್ನ ಅಜ್ಜಿ ಗುರವ್ವನಿಗೆ ಹಲ್ಲಿನ ಸೆಟ್ ನಿರಾಕರಿಸಿದ್ದೀರಿ.

ನಿಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಒಂದು ಪೋಸ್ಟರ್ ಇದೆ. ಹಲ್ಲು ಕಳೆದುಕೊಂಡ ಹಿರಿಯರಲ್ಲಿ ಮರೆವು ಹೆಚ್ಚು ಕಾಣುತ್ತದೆ, ಹಲ್ಲು ಕಟ್ಟಿಸಿಕೊಂಡವರಲ್ಲಿ ಅಷ್ಟು ಕಾಣುವುದಿಲ್ಲ ಎಂದು ಬರೆದಿದೆ. ಒಂದರಿಂದಲೇ ಇನ್ನೊಂದು ಬರುತ್ತದೆಂದು ಅದು ಹೇಳುವುದಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನೂ ಹೇಳುವುದಿಲ್ಲ. ಅದೇ ಪೋಸ್ಟರಿನ ಕೆಳಗೆ ಕುಳಿತು ನಿಮ್ಮ ಡಾಕ್ಟರ್ ಅಜ್ಜಿಯ ನೆನಪನ್ನು ಪರೀಕ್ಷಿಸಿದರು.

"ಬೆಳಿಗ್ಗೆ ಏನ್ ತಿಂದ್ರಿ ಅಜ್ಜಿ?"

"ಗಂಜಿ."

"ನಿನ್ನೆ?"

"ಗಂಜಿ."

"ಮೊನ್ನೆ?"

"ಹಲ್ಲಿಲ್ಲದಾಕಿ ಖಡಕ್ ರೊಟ್ಟಿ ತಿಂತಾಳೇನ್ರೀ? ಗಂಜಿನ."

"ಸೂಪರ್! ಎಲ್ಲಾ ಕರೆಕ್ಟ್. ಇವ್ರ ಹೆಸ್ರೇನು?"

"ಹನುಮೇಶ."

ಡಾಕ್ಟರ್ ನನ್ನತ್ತ ತಿರುಗಿ, "ಹನುಮೇಶ ತಾನೇ?" ಎಂದರು. ಒಂದು "ಹೂಂ" ಸಾಕಿತ್ತು.

"ಅಲ್ಲ ಸಾರ್, ವೀರೇಶ" ಎಂದೆ.

ಹೊರಗೆ ಬಂದ ಮೇಲೆ ಅಕ್ಕ ಶಿಲ್ಪಾ, "ಹೂಂ ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತೋ? ದೊಡ್ಡ ಹರಿಶ್ಚಂದ್ರ!" ಎಂದಳು.

ಮರೆವಿರುವವರು ಸೆಟ್ ಕಳೆದುಹಾಕುತ್ತಾರೆ, ಆದ್ದರಿಂದ ಕೊಡಲಾಗದು ಎಂಬುದು ನಿಮ್ಮ ಹಿಂಬರಹ. ಎಂಥ ಮುಂದಾಲೋಚನೆ! ನಮ್ಮ ಅರ್ಜಿಯನ್ನು ನಿಮ್ಮ ಕಚೇರಿ ಎರಡು ಸಲ ಕಳೆದುಹಾಕಿತು. ಹಾಗೆಂದು ನಿಮಗೆ ಕುರ್ಚಿ ಕೊಡುವುದನ್ನು ಯಾರಾದರೂ ನಿಲ್ಲಿಸಿದರೇ? ಹಲ್ಲಿಲ್ಲದವರು ಮರೆಯುತ್ತಾರೆಂದು ಗೋಡೆಯ ಮೇಲೆ ಎಚ್ಚರಿಸಿ, ಮರೆಯುವವರಿಗೆ ಹಲ್ಲಿಲ್ಲವೆಂದು ಮೇಜಿನ ಮೇಲೆ ಸಹಿ ಹಾಕುವಾಗ ನೀವು ಯಾವ ಕಡೆ ನೋಡುತ್ತಿರುತ್ತೀರಿ?

ಈ ನಿಯಮ ರದ್ದಾಗಬೇಕು. ಸೆಟ್ಟನ್ನು ತೊಳೆದು ನೀರಿನ ಡಬ್ಬಿಯಲ್ಲಿಡಲು ಮನೆಯಲ್ಲೊಬ್ಬರಿದ್ದರೆ ಸಾಕೆಂದು ಬರೆಯಿರಿ. ನಮ್ಮ ಮನೆಯಲ್ಲಿ ನಾನಿದ್ದೆ, ನೀವು ಕೇಳಲಿಲ್ಲ. ಹಲ್ಲು ಬಂದರೆ ನನ್ನ ಹೆಸರೂ ಬರುತ್ತದೆಂದು ನಾನು ನಂಬಿ ಕೂತಿಲ್ಲ. ಆದರೆ ಅವಳು ಅಗಿಯಬೇಕು, ಅದೂ ಈಗಲೇ; ನಿಮ್ಮ ಮುಂದಿನ ಸಭೆಯವರೆಗೆ ಅವಳಲ್ಲಿ ಎಷ್ಟು ಉಳಿದಿರುತ್ತದೋ ಗೊತ್ತಿಲ್ಲ.

ದಾವಣಗೆರೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರ್, ಮರೆವಿದ್ದರೂ ಪರವಾಗಿಲ್ಲ ಎಂದು, ಕಡಿಮೆ ದುಡ್ಡಿಗೆ ಅಳತೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಸೆಟ್ ಆಗುವವರೆಗೆ ಅಲ್ಲೇ ಇರಬೇಕು. ವರ್ಕ್‌ಶಾಪ್ ಕೆಲಸ ಬಿಟ್ಟೆ. ನಾಳೆ ಬೆಳಿಗ್ಗೆ ಅಜ್ಜಿಯನ್ನು ಕರೆದುಕೊಂಡು ಹೊರಡುತ್ತಿದ್ದೇನೆ.

ಇಂತಿ,
ನಿಜ ಹೇಳಿ ಅಜ್ಜಿಯನ್ನು ಫೇಲು ಮಾಡಿಸಿದ
ವೀರೇಶ, ಕಾಮಾಕ್ಷಿಪಾಳ್ಯ